ಉದ್ದದ ಪಟ್ಟಿ ತಡವರಿಸಿದಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ವೆಬ್ ಆ್ಯಪ್‌ನಲ್ಲಿ ಸಾವಿರಾರು ಸಾಲುಗಳ ಪಟ್ಟಿ ನಿಧಾನವಾಯಿತೆಂದರೆ ಬಹಳಷ್ಟು ಮಂದಿ ಮೊದಲು ಮಾಡುವುದು ಒಂದು ವರ್ಚುವಲೈಸೇಶನ್ ಲೈಬ್ರರಿಯನ್ನು ತಂದು ಜೋಡಿಸುವ ಕೆಲಸ. ಕಣ್ಣಿಗೆ ಕಾಣುವಷ್ಟು ಸಾಲುಗಳನ್ನು ಮಾತ್ರ ಡಾಮ್‌ನಲ್ಲಿ (ಪುಟದ ಎಲ್ಲ ಎಲಿಮೆಂಟ್‌ಗಳನ್ನು ಬ್ರೌಸರ್ ಜೋಡಿಸಿಟ್ಟುಕೊಳ್ಳುವ ಮರದಂಥ ರಚನೆ) ಇಟ್ಟು, ಮಿಕ್ಕವನ್ನು ತೆಗೆದುಹಾಕುವ ಈ ವಿಧಾನ ಒಳ್ಳೆಯದೇ. ಆದರೆ ಅದು ಎಲ್ಲ ತೊಂದರೆಗೂ ಮದ್ದಲ್ಲ, ಮೇಲಾಗಿ ತನ್ನದೇ ಆದ ಹೊಸ ತೊಂದರೆಗಳನ್ನು ಜೊತೆಗೆ ತರುತ್ತದೆ. ತಡವರಿಸುವುದು, ಬಿಳಿಯಾಗುವುದು, ಜಿಗಿಯುವುದು ಬೇರೆ ಬೇರೆ ದೋಷಗಳ ಲಕ್ಷಣಗಳು. ಯಾವುದು ಕಾಣುತ್ತಿದೆ ಎಂದು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಏನನ್ನೂ ಮುಟ್ಟುವ ಮೊದಲು

ಬ್ರೌಸರ್‌ನ ಖಾಸಗಿ ವಿಂಡೊದಲ್ಲಿ, ಎಕ್ಸ್‌ಟೆನ್ಶನ್‌ಗಳಿಲ್ಲದೆ ಪುಟವನ್ನು ತೆರೆದು ನೋಡಿ. ಪುಟದ ಪ್ರತಿಯೊಂದು ಬದಲಾವಣೆಯನ್ನೂ ಗಮನಿಸುತ್ತ ಕೂರುವ ಎಕ್ಸ್‌ಟೆನ್ಶನ್ ಒಂದಿದ್ದರೆ ಸಾಕು, ಸರಿಯಾಗಿರುವ ಪಟ್ಟಿಯೂ ತೆವಳುತ್ತದೆ. ಎರಡನೆಯದಾಗಿ, ಅಳತೆಯನ್ನು ಪ್ರೊಡಕ್ಷನ್ ಬಿಲ್ಡ್‌ನಲ್ಲೇ, ಅಂದರೆ ಬಳಕೆದಾರರ ಕೈಗೆ ಹೋಗುವ ಆವೃತ್ತಿಯಲ್ಲೇ ಮಾಡಿ. ಪರದೆ ಕಟ್ಟಲು ಬಳಸುವ ರಿಯಾಕ್ಟ್‌ನಂಥ ಲೈಬ್ರರಿಗಳ ಡೆವಲಪ್‌ಮೆಂಟ್ ಆವೃತ್ತಿ ಎಚ್ಚರಿಕೆಗಳಿಗಾಗಿ ಬಹಳ ಹೆಚ್ಚುವರಿ ಕೆಲಸ ಮಾಡುತ್ತದೆ. ರಿಯಾಕ್ಟ್‌ನ ಸ್ಟ್ರಿಕ್ಟ್ ಮೋಡ್‌ನಲ್ಲಿ ಕಾಂಪೊನೆಂಟ್‌ಗಳು (ಪರದೆಯ ಬಿಡಿ ಭಾಗಗಳು) ಬೇಕೆಂದೇ ಎರಡೆರಡು ಸಲ ರೆಂಡರ್ ಆಗುತ್ತವೆ, ಅಂದರೆ ಎರಡೆರಡು ಸಲ ಕಟ್ಟಲ್ಪಡುತ್ತವೆ. ಅಲ್ಲಿ ಕಂಡ ನಿಧಾನವನ್ನು ನಂಬಿ ಕೋಡ್ ತಿದ್ದಲು ಹೊರಟರೆ ಇಲ್ಲದ ದೋಷದ ಬೆನ್ನು ಹತ್ತಿದಂತೆ.

ನಿಮ್ಮ ಮೇಜಿನ ಮೇಲಿರುವ ಯಂತ್ರ ಬಳಕೆದಾರರ ಕೈಯಲ್ಲಿರುವ ಫೋನ್‌ಗಿಂತ ಹಲವು ಪಟ್ಟು ವೇಗದ್ದಾಗಿರಬಹುದು. ಬ್ರೌಸರ್‌ನೊಳಗೇ ಇರುವ ಡೆವ್‌ಟೂಲ್ಸ್ ಎಂಬ ಪರೀಕ್ಷಾ ಸಾಧನದ ಪರ್ಫಾರ್ಮೆನ್ಸ್ ಫಲಕದಲ್ಲಿ ಸಿಪಿಯು ವೇಗವನ್ನು ನಾಲ್ಕು ಪಟ್ಟು ತಗ್ಗಿಸಿ ನೋಡಿ. ಸಾಧ್ಯವಿದ್ದರೆ ಕಡಿಮೆ ಸಾಮರ್ಥ್ಯದ ನಿಜವಾದ ಫೋನೊಂದರಲ್ಲೇ ನೋಡಿ, ಅದಕ್ಕೆ ಸಾಟಿಯಿಲ್ಲ.

ಒಂದು ಎಚ್ಚರಿಕೆ. ಪರೀಕ್ಷೆಗೆ ದತ್ತಾಂಶದ ನಕಲನ್ನು ಬಳಸಿ. ಈ ಕೈಪಿಡಿಯಲ್ಲಿ ಬರುವ ಒಂದು ದೋಷ ತಪ್ಪು ದಾಖಲೆಯನ್ನು ಅಳಿಸಿಬಿಡಬಲ್ಲದು.

ಪಟ್ಟಿ ಕಾಣಿಸಿಕೊಳ್ಳುವುದೇ ತಡ

ಮೊದಲು ನೆಟ್‌ವರ್ಕ್ ಫಲಕ ನೋಡಿ. ಸರ್ವರ್ ಉತ್ತರ ಕೊಡುವುದಕ್ಕೇ ಮೂರು ಸೆಕೆಂಡ್ ತೆಗೆದುಕೊಳ್ಳುತ್ತಿದ್ದರೆ ಪಟ್ಟಿಯ ಕೋಡ್ ಮುಟ್ಟಬೇಡಿ. ದೋಷ ಡೇಟಾಬೇಸ್ ಕ್ವೆರಿಯಲ್ಲೋ, ಒಂದೇ ಸಲಕ್ಕೆ ಎಲ್ಲವನ್ನೂ ಕೇಳುತ್ತಿರುವ ಎಪಿಐಯಲ್ಲೋ (ಸರ್ವರ್‌ನಿಂದ ದತ್ತಾಂಶ ಕೇಳುವ ದಾರಿ) ಇದೆ. ಅದು ಬ್ಯಾಕೆಂಡ್‌ನವರು ನೋಡಬೇಕಾದ ವಿಷಯ.

ಉತ್ತರ ಬೇಗ ಬಂದೂ ಪರದೆ ಖಾಲಿ ನಿಂತಿದ್ದರೆ ಡಾಮ್ ಎಷ್ಟು ದೊಡ್ಡದಿದೆ ಎಂದು ಎಣಿಸಿ. ಕನ್ಸೋಲ್‌ನಲ್ಲಿ ಕ್ವೆರಿಸೆಲೆಕ್ಟರ್‌ಆಲ್ ಕರೆಗೆ ನಕ್ಷತ್ರ ಚಿಹ್ನೆ ಕೊಟ್ಟು ಅದರ ಲೆಂತ್ ಕೇಳಿದರೆ ಪುಟದಲ್ಲಿರುವ ಎಲ್ಲ ಎಲಿಮೆಂಟ್‌ಗಳ ಲೆಕ್ಕ ಸಿಗುತ್ತದೆ. ಪುಟದ ಗುಣಮಟ್ಟ ಅಳೆಯುವ ಲೈಟ್‌ಹೌಸ್ ಸಾಧನದ ಡಾಮ್ ಗಾತ್ರದ ಪರೀಕ್ಷೆ ಸುಮಾರು 800 ಎಲಿಮೆಂಟ್ ದಾಟಿದಾಗ ಎಚ್ಚರಿಸುತ್ತಿತ್ತು, 1,400 ದಾಟಿದರೆ ದೋಷವೆನ್ನುತ್ತಿತ್ತು. ಈ ಸಂಖ್ಯೆ ದಾಟಿದ ಪುಟಗಳೆಲ್ಲ ಕೆಟ್ಟವು ಎಂದಲ್ಲ. ಆದರೆ ಲಕ್ಷದ ಮೇಲೆ ಸಂಖ್ಯೆ ಬಂದರೆ ಮುಂದೆ ಹುಡುಕಬೇಕಾದ್ದೇನೂ ಇಲ್ಲ.

ಲಕ್ಷ ಹೇಗಾಗುತ್ತದೆ? ಒಂದು ಸಾಲನ್ನು ಬಿಡಿಸಿ ನೋಡಿ. ಹೊರಗೊಂದು ಡಬ್ಬಿ, ಒಳಗೊಂದು, ಚಿತ್ರಕ್ಕೊಂದು ಹೊದಿಕೆ, ಹೆಸರು, ಸಮಯ, ಎರಡು ಸಾಲು ಪಠ್ಯ. ಆಮೇಲೆ ನಾಲ್ಕು ಬಟನ್‌ಗಳು. ಒಂದೊಂದು ಬಟನ್‌ನಲ್ಲೂ ಒಂದು ಎಸ್‌ವಿಜಿ ಐಕಾನ್, ಅದರೊಳಗೆ ಮೂರು ಪಾತ್‌ಗಳು, ಮೇಲೆ ಕಾಣದಂತೆ ಕುಳಿತ ಟೂಲ್‌ಟಿಪ್. ನೋಡಲು ಸರಳವಾದ ಸಾಲಿನಲ್ಲಿ 38 ಎಲಿಮೆಂಟ್‌ಗಳಿದ್ದರೆ 5,000 ಸಾಲುಗಳಿಗೆ 1.9 ಲಕ್ಷ. ಇಲ್ಲಿ ಅಗ್ಗದ ಮದ್ದು ಸಾಲನ್ನೇ ತೆಳುವಾಗಿಸುವುದು. ಟೂಲ್‌ಟಿಪ್ ಇಡೀ ಪಟ್ಟಿಗೆ ಒಂದೇ ಇರಲಿ, ಬೇಕಾದಾಗ ಬೇಕಾದ ಕಡೆ ತೋರಿಸಿ. ಬಟನ್‌ಗಳ ಮೆನುವನ್ನು ಒತ್ತಿದಾಗ ಮಾತ್ರ ರಚಿಸಿ. ಈ ಎರಡರಿಂದಲೇ ಲೆಕ್ಕ ಅರ್ಧಕ್ಕಿಳಿದರೆ ಆಶ್ಚರ್ಯವಿಲ್ಲ.

ಮುಂದಿನ ಹೆಜ್ಜೆ ಸಿಎಸ್‌ಎಸ್‌ನ (ಪುಟದ ರೂಪ ಹೇಳುವ ಭಾಷೆ) ಕಂಟೆಂಟ್-ವಿಸಿಬಿಲಿಟಿ ಎಂಬ ಗುಣ. ಸಾಲಿಗೆ ಅದನ್ನು ಆಟೊ ಎಂದು ಕೊಟ್ಟರೆ ಪರದೆಯಿಂದ ದೂರವಿರುವ ಸಾಲುಗಳ ಒಳಗಿನ ಲೇಔಟ್ (ಯಾವುದು ಎಲ್ಲಿ, ಎಷ್ಟು ದೊಡ್ಡದು ಎಂಬ ಲೆಕ್ಕ) ಮತ್ತು ಪೇಂಟ್ (ಬಣ್ಣ ತುಂಬುವ) ಕೆಲಸವನ್ನು ಬ್ರೌಸರ್ ಮುಂದೂಡುತ್ತದೆ. ಜೊತೆಗೆ ಕಂಟೇನ್-ಇಂಟ್ರಿನ್ಸಿಕ್-ಸೈಜ್ ಮೂಲಕ ಅಂದಾಜು ಎತ್ತರವನ್ನೂ ಕೊಡಲೇಬೇಕು, ಇಲ್ಲದಿದ್ದರೆ ಕಾಣದ ಸಾಲುಗಳ ಎತ್ತರ ಕುಸಿದು ಸ್ಕ್ರಾಲ್‌ಬಾರ್ ಅತ್ತಿತ್ತ ಓಡಾಡುತ್ತದೆ. ಕ್ರೋಮ್‌ನಲ್ಲಿ ಇದು 2020ರಿಂದ ಇದೆ, ಫೈರ್‌ಫಾಕ್ಸ್ ಮತ್ತು ಸಫಾರಿಗೆ 2024ರಲ್ಲಿ ಬಂತು. ಎರಡೇ ಸಾಲು ಕೋಡಿನ ಬದಲಾವಣೆಯಾದ್ದರಿಂದ ವರ್ಚುವಲೈಸೇಶನ್‌ಗೆ ಮುನ್ನ ಇದನ್ನು ಖಂಡಿತ ಪ್ರಯತ್ನಿಸಿ. ಇದರ ಮಿತಿಯೂ ತಿಳಿದಿರಲಿ: ಎಲಿಮೆಂಟ್‌ಗಳು ಡಾಮ್‌ನಲ್ಲಿ ಇದ್ದೇ ಇರುತ್ತವೆ. ಅವನ್ನು ಸೃಷ್ಟಿಸುವ ಸಮಯವೂ ಉಳಿಯದು, ಮೆಮೊರಿಯೂ ಉಳಿಯದು. ಒಂದೆರಡು ಸಾವಿರ ಸಾಲಿಗೆ ಇದು ಸಾಕು, ಲಕ್ಷಕ್ಕೆ ಸಾಲದು.

ಸ್ಕ್ರಾಲ್ ಮಾಡಿದರೆ ತಡವರಿಸುತ್ತದೆ

ಸೆಕೆಂಡಿಗೆ 60 ಸಲ ಪರದೆ ಬದಲಾಗುವ ಸಾಧನದಲ್ಲಿ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್. 120 ಸಲದ ಪರದೆಯಲ್ಲಿ 8.3 ಮಾತ್ರ. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಆ ಫ್ರೇಮ್ ತಪ್ಪುತ್ತದೆ, ಅದೇ ಕಣ್ಣಿಗೆ ತಡವರಿಕೆಯಾಗಿ ಕಾಣುತ್ತದೆ.

ಐದು ಸೆಕೆಂಡ್ ಸ್ಕ್ರಾಲ್ ಮಾಡುತ್ತ ಪರ್ಫಾರ್ಮೆನ್ಸ್ ಫಲಕದಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬಣ್ಣಗಳೇ ದಾರಿ ತೋರಿಸುತ್ತವೆ.

ಹಳದಿ ಹೆಚ್ಚಿದ್ದರೆ ಜಾವಾಸ್ಕ್ರಿಪ್ಟ್ ಕೆಲಸ ಜಾಸ್ತಿ. ಸ್ಕ್ರಾಲ್ ಈವೆಂಟ್ ಬಂದಾಗಲೆಲ್ಲ ಸ್ಟೇಟ್ (ಕಾಂಪೊನೆಂಟ್ ನೆನಪಿಟ್ಟುಕೊಂಡ ಸ್ಥಿತಿ) ಬದಲಿಸಿ ಇಡೀ ಪಟ್ಟಿಯನ್ನು ಮತ್ತೆ ರೆಂಡರ್ ಮಾಡಿಸುತ್ತಿದ್ದೀರಾ ನೋಡಿ. ಮೇಲಿನ ಸಾಲಿನ ಕ್ರಮಸಂಖ್ಯೆ ಬದಲಾದಾಗ ಮಾತ್ರ ಸ್ಟೇಟ್ ಬದಲಾದರೆ ಸಾಕು, ಪ್ರತಿ ಪಿಕ್ಸೆಲ್‌ಗೂ ಬೇಕಿಲ್ಲ. ಪ್ರತಿ ಸಾಲಿಗೂ ಹೊಸದಾಗಿ ಸೃಷ್ಟಿಯಾಗುವ ಫಂಕ್ಷನ್ ಅಥವಾ ಆಬ್ಜೆಕ್ಟನ್ನು ಪ್ರಾಪ್ (ಕಾಂಪೊನೆಂಟ್‌ಗೆ ಕೊಡುವ ಮೌಲ್ಯ) ಆಗಿ ಕಳುಹಿಸುತ್ತಿದ್ದರೆ, ಬದಲಾಗದ ಸಾಲು ಮತ್ತೆ ರೆಂಡರ್ ಆಗದಿರಲೆಂದು ಮೆಮೊ ಹಾಕಿದ್ದೂ ವ್ಯರ್ಥ. ಸಾಲಿನೊಳಗೆ ದಿನಾಂಕವನ್ನು ರೂಪಿಸುವಾಗ ಪ್ರತಿ ಸಲ ಹೊಸ ಫಾರ್ಮ್ಯಾಟರ್ ಕಟ್ಟುವುದು ಕಣ್ತಪ್ಪಿಸಿಕೊಳ್ಳುವ ಇನ್ನೊಂದು ಕಳ್ಳ. ಒಂದನ್ನೇ ಹೊರಗೆ ಕಟ್ಟಿಟ್ಟು ಎಲ್ಲ ಸಾಲುಗಳಿಗೂ ಬಳಸಿ.

ನೇರಳೆ ಹೆಚ್ಚಿದ್ದರೆ ಲೇಔಟ್ ಲೆಕ್ಕಾಚಾರ. ರೆಕಾರ್ಡಿಂಗ್‌ನ ನೇರಳೆ ಪಟ್ಟೆಗಳ ಮೂಲೆಯಲ್ಲಿ ಕೆಂಪು ತ್ರಿಕೋನ ಇದ್ದು, ಒತ್ತಿದಾಗ ಬಲವಂತದ ರಿಫ್ಲೋ (ಲೇಔಟ್ ಮರುಲೆಕ್ಕ) ಎಂಬ ಎಚ್ಚರಿಕೆ ಬಂದರೆ ಕಾರಣ ಸಿಕ್ಕಂತೆಯೇ. ಒಂದು ಸಾಲಿನ ಶೈಲಿ ಬದಲಿಸಿ, ಕೂಡಲೇ ಅದರ ಎತ್ತರ ಕೇಳಿ, ಮುಂದಿನ ಸಾಲಿಗೆ ಹೋಗಿ ಮತ್ತೆ ಅದನ್ನೇ ಮಾಡುವ ಲೂಪ್ ಎಲ್ಲೋ ಇರುತ್ತದೆ. ಎತ್ತರ ಕೇಳಿದಾಗಲೆಲ್ಲ ಬ್ರೌಸರ್ ಆಗಷ್ಟೇ ಕೆಟ್ಟ ಲೇಔಟನ್ನು ಮತ್ತೆ ಲೆಕ್ಕ ಹಾಕಲೇಬೇಕಾಗುತ್ತದೆ. ಮೊದಲು ಎಲ್ಲ ಅಳತೆಗಳನ್ನೂ ಓದಿಕೊಳ್ಳಿ, ಆಮೇಲೆ ಎಲ್ಲ ಬದಲಾವಣೆಗಳನ್ನೂ ಬರೆಯಿರಿ.

ಹಸಿರು ಹೆಚ್ಚಿದ್ದರೆ ಪೇಂಟ್. ಹಬ್ಬಿದ ನೆರಳು, ಮಸುಕು ಫಿಲ್ಟರ್, ಹಿನ್ನೆಲೆಯನ್ನು ಮಸುಕಾಗಿಸುವ ಶೀರ್ಷಿಕೆ ಪಟ್ಟಿ ಇವುಗಳ ಮೇಲೆ ಅನುಮಾನವಿರಲಿ. ಒಂದೊಂದನ್ನೇ ತಾತ್ಕಾಲಿಕವಾಗಿ ತೆಗೆದು ನೋಡಿದರೆ ತಿಳಿದುಬಿಡುತ್ತದೆ.

ಮೂರೂ ಹೆಚ್ಚಿಲ್ಲದೆ, ಬೆರಳಿಟ್ಟು ಎಳೆಯಲು ಶುರುಮಾಡಿದಾಗ ಮಾತ್ರ ಪಟ್ಟಿ ಅಂಟಿಕೊಂಡಂತಿದ್ದರೆ ಟಚ್ ಅಥವಾ ವೀಲ್ ಈವೆಂಟ್‌ಗೆ ಹಾಕಿದ ಲಿಸನರ್ (ಈವೆಂಟ್ ಬಂದಾಗ ಓಡುವ ಕೋಡ್) ನೋಡಿ. ಅದನ್ನು ಪ್ಯಾಸಿವ್, ಅಂದರೆ ಸ್ಕ್ರಾಲ್ ತಡೆಯುವುದಿಲ್ಲ ಎಂದು ಮೊದಲೇ ಗುರುತಿಸಿರದಿದ್ದರೆ, ಸ್ಕ್ರಾಲ್ ತಡೆಯುವ ಇರಾದೆ ಅದಕ್ಕಿದೆಯೋ ಇಲ್ಲವೋ ಎಂದು ತಿಳಿಯಲು ಬ್ರೌಸರ್ ಕಾಯಬೇಕಾಗುತ್ತದೆ.

ವೇಗವಾಗಿ ಎಳೆದರೆ ಬಿಳಿ ಜಾಗ ಕಾಣುತ್ತದೆ

ಇದನ್ನು ತಡವರಿಕೆ ಎಂದುಕೊಂಡು ಚಿಕಿತ್ಸೆ ಮಾಡುವವರು ಬಹಳ. ವಾಸ್ತವದಲ್ಲಿ ಇಲ್ಲಿ ಸ್ಕ್ರಾಲ್ ಸರಾಗವಾಗಿಯೇ ಇದೆ. ಬ್ರೌಸರ್‌ನೊಳಗಿನ ಕೆಲಸಗಳು ಥ್ರೆಡ್ ಎಂಬ ಪ್ರತ್ಯೇಕ ಸರಣಿಗಳಲ್ಲಿ ನಡೆಯುತ್ತವೆ: ಸ್ಕ್ರಾಲ್ ಮಾಡುವ ಕೆಲಸ ಕಾಂಪೊಸಿಟರ್ ಥ್ರೆಡ್‌ನದು, ಹೊಸ ಸಾಲುಗಳನ್ನು ತಂದಿಡುವುದು ಮೇನ್ ಥ್ರೆಡ್‌ನ ಕೆಲಸ. ಮೊದಲನೆಯದು ಮುಂದೆ ಹೋಗಿ, ಎರಡನೆಯದು ಹಿಂದುಳಿದಾಗ ನಡುವೆ ಬಿಳಿ ಜಾಗ ಉಳಿಯುತ್ತದೆ. ವರ್ಚುವಲ್ ಪಟ್ಟಿಗಳಲ್ಲೇ ಇದು ಹೆಚ್ಚು.

ಅಗ್ಗದ ಪರಿಹಾರ ಓವರ್‌ಸ್ಕ್ಯಾನ್ ಹೆಚ್ಚಿಸುವುದು, ಅಂದರೆ ಕಾಣುವ ಭಾಗದ ಮೇಲೆ ಕೆಳಗೆ ಇನ್ನಷ್ಟು ಸಾಲುಗಳನ್ನು ಮೊದಲೇ ಸಿದ್ಧಪಡಿಸಿಡುವುದು. ಎರಡು ಇದ್ದರೆ ಐದೋ ಎಂಟೋ ಮಾಡಿ ನೋಡಿ. ಐವತ್ತಕ್ಕೆ ಏರಿಸಬೇಡಿ, ಪ್ರತಿ ಸಲ ಮಾಡಬೇಕಾದ ಕೆಲಸ ಬೆಳೆದು ಬಿಳಿ ಜಾಗ ಇನ್ನೂ ಅಗಲವಾಗುತ್ತದೆ. ಎಂಟಕ್ಕೂ ಗುಣವಾಗದಿದ್ದರೆ ಒಂದು ಸಾಲನ್ನು ಕಟ್ಟಲು ತಗಲುವ ಸಮಯವೇ ಹೆಚ್ಚಾಗಿದೆ ಎಂದರ್ಥ. ಪಟ್ಟಿ ಕಾಣಿಸಿಕೊಳ್ಳುವುದೇ ತಡ ಎಂಬ ಭಾಗಕ್ಕೆ ಮರಳಿ ಸಾಲನ್ನು ತೆಳುವಾಗಿಸಿ. ಸ್ಕ್ರಾಲ್‌ಬಾರ್ ಹಿಡಿದು ಸರ್ರನೆ ಎಳೆದಾಗ ಮಾತ್ರ ಬಿಳಿಯಾದರೆ, ಸಾಲಿನ ಆಕಾರದ ಬೂದು ಹಿನ್ನೆಲೆ ತೋರಿಸುವುದು ತೀರ ಒಪ್ಪತಕ್ಕ ಉಪಾಯ.

ವರ್ಚುವಲೈಸೇಶನ್ ಹಾಕಿದರೂ ಎಲ್ಲ ಸಾಲುಗಳೂ ಡಾಮ್‌ನಲ್ಲಿವೆ

ಬಹುತೇಕ ಸಲ ಕಾರಣ ಒಂದೇ: ಪಟ್ಟಿಯ ಹೊರಡಬ್ಬಿಗೆ ಎತ್ತರದ ಮಿತಿ ಇಲ್ಲ. ಡಬ್ಬಿ ಒಳಗಿನ ವಸ್ತುವಿನಷ್ಟೇ ಬೆಳೆದರೆ ಲೈಬ್ರರಿಯ ಕಣ್ಣಿಗೆ ಎಲ್ಲವೂ ಕಾಣುತ್ತಿರುವ ಸಾಲುಗಳೇ. ಡಬ್ಬಿಯನ್ನು ಡೆವ್‌ಟೂಲ್ಸ್‌ನಲ್ಲಿ ಆರಿಸಿ ಎತ್ತರ ನೋಡಿ. 600 ಪಿಕ್ಸೆಲ್ ಇರಬೇಕಾದಲ್ಲಿ 2,00,000 ಇದ್ದರೆ ದೋಷ ಇದೇ.

ಎತ್ತರ ಕೊಟ್ಟಿದ್ದೇನೆ, ಆದರೂ ಹೀಗೆ ಎನ್ನುವವರು ಫ್ಲೆಕ್ಸ್ ಲೇಔಟ್ (ಎಲಿಮೆಂಟ್‌ಗಳನ್ನು ಒಂದು ದಿಕ್ಕಿನಲ್ಲಿ ಜೋಡಿಸುವ ಸಿಎಸ್‌ಎಸ್ ವಿಧಾನ) ಗಮನಿಸಿ. ಕಾಲಂ ದಿಕ್ಕಿನ ಫ್ಲೆಕ್ಸ್‌ನಲ್ಲಿ ಮಗು ಎಲಿಮೆಂಟಿನ ಕನಿಷ್ಠ ಎತ್ತರ ತಾನಾಗಿಯೇ ಆಟೊ ಆಗಿರುತ್ತದೆ, ಹಾಗಾಗಿ ಅದು ಒಳವಸ್ತುವಿಗಿಂತ ಕುಗ್ಗಲು ಒಪ್ಪುವುದಿಲ್ಲ. ನಡುವಿನ ಪ್ರತಿ ಹಂತದ ಹೊದಿಕೆಗೂ ಮಿನ್-ಹೈಟ್ ಸೊನ್ನೆ ಕೊಡಿ. ಇದರ ತದ್ವಿರುದ್ಧವೂ ಉಂಟು. ಪಟ್ಟಿಯೇ ಕಾಣದಿದ್ದರೆ, ತಂದೆ ಎಲಿಮೆಂಟಿಗೆ ಎತ್ತರವಿಲ್ಲದೆ ಮಗುವಿಗೆ ನೂರು ಶೇಕಡಾ ಕೊಟ್ಟು ಅದು ಸೊನ್ನೆಯಾಗಿರುತ್ತದೆ.

ಈ ದೋಷದ ಜೊತೆಗೆ ಸ್ಕ್ರಾಲ್ ಮಾಡದಿದ್ದರೂ ಒಂದರ ಹಿಂದೆ ಒಂದು ಪುಟ ಲೋಡ್ ಆಗುತ್ತಲೇ ಇದ್ದರೆ ಕೂಡಲೇ ನಿಲ್ಲಿಸಿ. ಪಟ್ಟಿಯ ಕೊನೆಯನ್ನು ಕಾಯುವ ಇಂಟರ್‌ಸೆಕ್ಷನ್ ಅಬ್ಸರ್ವರ್‌ಗೆ ಕೊನೆ ಸದಾ ಕಾಣುತ್ತಿರುತ್ತದೆ. ಬಳಕೆದಾರರ ಕೈಗೆ ಇದು ಹೋದರೆ ಪ್ರತಿಯೊಬ್ಬರ ಬ್ರೌಸರೂ ಸರ್ವರನ್ನು ಬಿಡುವಿಲ್ಲದೆ ಕೇಳುತ್ತಿರುತ್ತದೆ.

ಸಾಲುಗಳು ಜಿಗಿಯುತ್ತವೆ, ಸ್ಕ್ರಾಲ್‌ಬಾರ್ ನೆಲೆ ನಿಲ್ಲುವುದಿಲ್ಲ

ಎಲ್ಲ ಸಾಲುಗಳ ಎತ್ತರ ಒಂದೇ ಆಗಿದ್ದರೆ ಈ ತೊಂದರೆ ಬರುವುದೇ ಇಲ್ಲ. ಆದ್ದರಿಂದ ಮೊದಲ ಪ್ರಶ್ನೆ: ವಿನ್ಯಾಸವನ್ನು ಬದಲಿಸಿ ಒಂದೇ ಎತ್ತರಕ್ಕೆ ತರಬಹುದೇ? ಪಠ್ಯವನ್ನು ಎರಡು ಸಾಲಿಗೆ ಕತ್ತರಿಸಿದರೆ ಸಾಕಾಗುವ ಕಡೆ ಅಳತೆಯ ದೊಡ್ಡ ಯಂತ್ರ ಕಟ್ಟುವುದು ಬೇಡ.

ಎತ್ತರ ಬದಲಾಗಲೇಬೇಕಾದರೆ ಅಳತೆ ಎಲ್ಲಿ ತಪ್ಪುತ್ತಿದೆ ಎಂದು ಹಿಡಿಯಬೇಕು. ಪ್ರತಿ ಸಾಲಿಗೂ ಸ್ವಲ್ಪ ಸ್ವಲ್ಪವೇ ಜಾರಿ, ಕೆಳಗೆ ಹೋದಂತೆ ತಪ್ಪು ದೊಡ್ಡದಾಗುತ್ತಿದ್ದರೆ ಅದು ಮಾರ್ಜಿನ್‌ನ (ಎಲಿಮೆಂಟಿನ ಹೊರಗಿನ ಖಾಲಿ ಅಂತರ) ಗುರುತು. ಎಲಿಮೆಂಟಿನ ಎತ್ತರ ಅಳೆದಾಗ ಮಾರ್ಜಿನ್ ಸೇರುವುದಿಲ್ಲ. 12 ಪಿಕ್ಸೆಲ್ ಮಾರ್ಜಿನ್ ಇರುವ ನೂರು ಸಾಲಿಗೆ 1,200 ಪಿಕ್ಸೆಲ್ ಲೆಕ್ಕ ತಪ್ಪುತ್ತದೆ. ಮಾರ್ಜಿನ್ ತೆಗೆದು ಪ್ಯಾಡಿಂಗ್ (ಒಳಗಿನ ಅಂತರ) ಕೊಡಿ.

ಸಾಲು ಬಂದು ಕ್ಷಣದ ನಂತರ ಜಿಗಿದರೆ ತಡವಾಗಿ ಬಂದ ಚಿತ್ರ ಅಥವಾ ಫಾಂಟ್ ಕಾರಣ. ಚಿತ್ರಕ್ಕೆ ಅಗಲ, ಎತ್ತರ ಮೊದಲೇ ಬರೆಯಿರಿ. ಫಾಂಟ್ ಬದಲಾದಾಗ ಪಠ್ಯ ಬೇರೆ ರೀತಿಯಲ್ಲಿ ಮುರಿದು ಎತ್ತರ ಬದಲಾಗುತ್ತದೆ, ರಿಸೈಜ್ ಅಬ್ಸರ್ವರ್ ಮೂಲಕ ಮತ್ತೆ ಅಳೆಯಬೇಕು.

ಹಳೆಯ ಸಂದೇಶಗಳು ಮೇಲ್ಗಡೆ ಸೇರುವ ಚಾಟ್ ಪಟ್ಟಿಯಲ್ಲಿ ಓದುತ್ತಿದ್ದ ಸಾಲು ಕೆಳಗೆ ತಳ್ಳಲ್ಪಡುತ್ತದೆ. ಸೇರಿದ ಎತ್ತರದಷ್ಟನ್ನೇ ಸ್ಕ್ರಾಲ್‌ಟಾಪ್‌ಗೆ (ಪಟ್ಟಿ ಎಷ್ಟು ಸರಿದಿದೆ ಎಂಬ ಅಳತೆ) ಕೂಡಿಸಬೇಕು, ಅದೂ ಪರದೆಗೆ ಬಣ್ಣ ಬೀಳುವ ಮೊದಲೇ. ಸರಿಯಾಗಿ ಕೂಡಿಸಿದರೂ ಎರಡು ಪಟ್ಟು ಜಿಗಿಯುತ್ತಿದ್ದರೆ ಬ್ರೌಸರ್ ತನ್ನ ಪಾಡಿಗೆ ತಾನೂ ಸರಿಪಡಿಸುತ್ತಿದೆ ಎಂದು ತಿಳಿಯಿರಿ. ಡಬ್ಬಿಗೆ ಓವರ್‌ಫ್ಲೋ-ಆ್ಯಂಕರ್ ಅನ್ನು ನನ್ (none) ಎಂದು ಕೊಟ್ಟು ಒಬ್ಬರಿಗೇ ಕೆಲಸ ಬಿಡಿ.

ಟೇಬಲ್‌ಗಳಲ್ಲಿ ಎತ್ತರದ ಬದಲು ಕಾಲಂ ಅಗಲ ಕುಣಿಯುತ್ತಿದ್ದರೆ ಟೇಬಲ್-ಲೇಔಟ್ ಫಿಕ್ಸ್ಡ್ ಮಾಡಿ, ಅಗಲಗಳನ್ನು ನೀವೇ ಬರೆಯಿರಿ.

ಒಂದು ಸಾಲಿನ ಟಿಕ್ ಇನ್ನೊಂದು ಸಾಲಿನಲ್ಲಿ ಕಾಣುತ್ತದೆ

ಈ ಲಕ್ಷಣ ಕಂಡರೆ ವೇಗದ ಮಾತು ಬದಿಗಿಟ್ಟು ಇದನ್ನೇ ಹಿಡಿಯಿರಿ. ಉಳಿದವು ಬಳಕೆದಾರರ ತಾಳ್ಮೆ ಕೆಡಿಸುತ್ತವೆ, ಇದು ಅವರ ದತ್ತಾಂಶವನ್ನೇ ಕೆಡಿಸುತ್ತದೆ.

ಸಾಲಿನ ಕೀ (ಲೈಬ್ರರಿ ಸಾಲನ್ನು ಗುರುತಿಸುವ ಹೆಸರು) ಆಗಿ ಕ್ರಮಸಂಖ್ಯೆಯನ್ನು ಕೊಟ್ಟಿದ್ದರೆ, ಮೇಲೊಂದು ಹೊಸ ಸಾಲು ಬಂದಾಗ ಹಳೆಯ ಜಾಗದ ಟಿಕ್, ಅರ್ಧ ಬರೆದ ಪಠ್ಯ, ತೆರೆದ ಮೆನು ಎಲ್ಲವೂ ಆ ಜಾಗದಲ್ಲೇ ಉಳಿದು ಬೇರೆ ದಾಖಲೆಗೆ ಅಂಟಿಕೊಳ್ಳುತ್ತವೆ. ಅಳಿಸುವ ಬಟನ್ ಕೂಡ ಕ್ರಮಸಂಖ್ಯೆಯನ್ನು ನಂಬಿದ್ದರೆ ಅಪಾಯ ಇಮ್ಮಡಿ. ಬಳಕೆದಾರರು ಏಳನೆಯ ಸಾಲು ನೋಡಿ ಅಳಿಸು ಒತ್ತುತ್ತಾರೆ, ಖಚಿತಪಡಿಸುವ ಪೆಟ್ಟಿಗೆ ತೆರೆದಿರುವಾಗ ಮೇಲೆ ಹೊಸ ಸಾಲೊಂದು ಬರುತ್ತದೆ, ಹೌದು ಎಂದಾಗ ಹೋಗುವುದು ಅವರು ನೋಡಿದ ದಾಖಲೆಯಲ್ಲ.

ಪರೀಕ್ಷೆ ಸುಲಭ. ಮೂರನೆಯ ಸಾಲಿಗೆ ಟಿಕ್ ಹಾಕಿ, ಕ್ರಮ ಬದಲಿಸಿ. ಟಿಕ್ ದಾಖಲೆಯ ಜೊತೆ ಹೋಗಬೇಕು, ಜಾಗದಲ್ಲಿ ಉಳಿಯಬಾರದು. ಬಳಿಕ ದೂರ ಸ್ಕ್ರಾಲ್ ಮಾಡಿ ಮರಳಿ ಬನ್ನಿ. ಟಿಕ್ ಮಾಯವಾಗಿದ್ದರೆ ಅದು ಸಾಲಿನೊಳಗಿನ ಸ್ಟೇಟ್‌ನಲ್ಲಿತ್ತು, ಸಾಲಿನ ಜೊತೆಗೇ ಅಳಿಯಿತು. ಕೀ ದಾಖಲೆಯ ಐಡಿ ಆಗಿರಲಿ, ಆಯ್ಕೆಗಳು ಪಟ್ಟಿಯ ಹೊರಗೆ ಐಡಿಗೆ ತಕ್ಕಂತೆ ಉಳಿಯಲಿ, ಸರ್ವರ್‌ಗೆ ಹೋಗುವುದೂ ಐಡಿಯೇ ಆಗಿರಲಿ. ಎಲ್ಲವನ್ನೂ ಆರಿಸುವ ಗುಂಡಿ ಇದ್ದರೆ, ಲೋಡ್ ಆದ ಇನ್ನೂರನ್ನೋ ಹುಡುಕಾಟಕ್ಕೆ ಸಿಕ್ಕ ಎಂಟು ಸಾವಿರವನ್ನೋ ಎಂದು ಪರದೆಯ ಮೇಲೆ ಸ್ಪಷ್ಟವಾಗಿ ಬರೆಯಿರಿ.

ಬಳಕೆಯಲ್ಲಿರುವ ಆ್ಯಪ್‌ನಲ್ಲಿ ಈ ದೋಷ ಕಂಡರೆ ಅಳಿಸುವ ಮತ್ತು ತಿದ್ದುವ ಬಟನ್‌ಗಳನ್ನು ತಕ್ಷಣ ನಿಷ್ಕ್ರಿಯಗೊಳಿಸಿ, ಸರ್ವರ್ ನೋಡಿಕೊಳ್ಳುವವರಿಗೆ ತಿಳಿಸಿ. ಏನೇನು ಅಳಿದಿದೆ ಎಂದು ಲಾಗ್ ನೋಡಿ ಹೇಳುವುದು ಅವರಿಂದ ಮಾತ್ರ ಸಾಧ್ಯ.

ಒಂದೇ ಸಾಲು ಎರಡು ಸಲ ಬರುತ್ತದೆ, ಅಥವಾ ಒಂದು ಕಾಣೆಯಾಗುತ್ತದೆ

ಸರ್ವರನ್ನು 50 ಬಿಟ್ಟು ಮುಂದಿನ 50 ಕೊಡು ಎಂದು ಕೇಳುತ್ತಿದ್ದರೆ, ಅಷ್ಟರಲ್ಲಿ ಮೇಲೊಂದು ಹೊಸ ದಾಖಲೆ ಸೇರಿದಾಗ ಐವತ್ತನೆಯದು ಐವತ್ತೊಂದನೆಯದಾಗಿ ಮತ್ತೆ ಬರುತ್ತದೆ. ಒಂದು ಅಳಿದರೆ ಒಂದು ತಪ್ಪಿಹೋಗುತ್ತದೆ. ಈ ದಾಖಲೆಯ ನಂತರದವನ್ನು ಕೊಡು ಎಂದು ಕೇಳುವ ಕರ್ಸರ್ ಪದ್ಧತಿಯೇ ಸರಿ. ಒಂದೇ ಸಮಯದ ಎರಡು ದಾಖಲೆಗಳಿರಬಹುದಾದ್ದರಿಂದ ಸಮಯದ ಜೊತೆ ಐಡಿಯೂ ಕರ್ಸರ್‌ನಲ್ಲಿರಬೇಕು.

ಪೂರಾ 50 ಸಾಲುಗಳ ಗುಂಪೇ ಎರಡು ಸಲ ಬಂದರೆ ಕಾರಣ ಬೇರೆ: ಒಂದೇ ಕೋರಿಕೆ ಎರಡು ಸಲ ಹೋಗಿದೆ. ಲೋಡ್ ಆಗುತ್ತಿದೆ ಎಂಬ ಗುರುತನ್ನು ಕೋರಿಕೆ ಹೊರಡುವ ಮೊದಲೇ ಹಾಕಿ, ಮುಂದಿನ ರೆಂಡರ್‌ಗೆ ಕಾಯಬೇಡಿ. ಫಿಲ್ಟರ್ ಬದಲಾದಾಗ ಹಳೆಯ ಕೋರಿಕೆಯನ್ನು ಅಬಾರ್ಟ್ ಕಂಟ್ರೋಲರ್ ಬಳಸಿ ರದ್ದುಮಾಡಿ.

ಕೊನೆಯ ಸಾಲುಗಳಿಗೆ ತಲುಪಲಾಗುವುದಿಲ್ಲ

ಒಂದು ಎಲಿಮೆಂಟ್ ಎಷ್ಟು ಎತ್ತರ ಬೆಳೆಯಬಹುದು ಎಂಬುದಕ್ಕೆ ಬ್ರೌಸರ್‌ನಲ್ಲಿ ಮಿತಿ ಇದೆ. ಕ್ರೋಮ್‌ನಲ್ಲಿ ಸುಮಾರು 3.35 ಕೋಟಿ ಪಿಕ್ಸೆಲ್, ಫೈರ್‌ಫಾಕ್ಸ್‌ನಲ್ಲಿ ಸುಮಾರು 1.79 ಕೋಟಿ. 40 ಪಿಕ್ಸೆಲ್‌ನ ಹತ್ತು ಲಕ್ಷ ಸಾಲುಗಳಿಗೆ 4 ಕೋಟಿ ಬೇಕು. ಸ್ಕ್ರಾಲ್ ಸ್ಥಾನವನ್ನು ಅನುಪಾತದಲ್ಲಿ ಕುಗ್ಗಿಸಿ ಇದನ್ನು ದಾಟಬಹುದು. ಆದರೆ ಹತ್ತು ಲಕ್ಷ ಸಾಲನ್ನು ಬೆರಳಿನಿಂದ ಸರಿಸಿ ಯಾರೂ ಏನನ್ನೂ ಹುಡುಕಲಾರರು. ಒಳ್ಳೆಯ ಹುಡುಕಾಟ, ಫಿಲ್ಟರ್, ದಿನಾಂಕಕ್ಕೆ ನೇರ ಹೋಗುವ ದಾರಿ ಕೊಡಿ. ಆ ಶ್ರಮ ಬಳಕೆದಾರರಿಗೆ ತಲುಪುತ್ತದೆ.

ಹೊತ್ತು ಕಳೆದಂತೆ ನಿಧಾನವಾಗುತ್ತದೆ

ತೆರೆದಾಗ ಚೆನ್ನಾಗಿದ್ದು ಅರ್ಧ ಗಂಟೆಯಲ್ಲಿ ಹದಗೆಟ್ಟರೆ ಮೆಮೊರಿ ಸೋರುತ್ತಿದೆ. ಮೊದಲು ಚಿತ್ರಗಳನ್ನು ನೋಡಿ. 4,000 × 3,000 ಪಿಕ್ಸೆಲ್ ಚಿತ್ರವನ್ನು ಪೂರ್ತಿ ಬಿಡಿಸಿದರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಮೆಗಾಬೈಟ್ ಹಿಡಿಯಬಲ್ಲದು, ಅದು ಪರದೆಯ ಮೇಲೆ ಹೆಬ್ಬೆರಳಿನಷ್ಟು ಕಂಡರೂ ಸರಿ. ಸರ್ವರಿನಿಂದಲೇ ಚಿಕ್ಕ ಚಿತ್ರ ತರಿಸಿ.

ಚಿತ್ರಗಳು ಕಾರಣವಲ್ಲದಿದ್ದರೆ ಮೆಮೊರಿ ಫಲಕದಲ್ಲಿ ಹೀಪ್ ಸ್ನ್ಯಾಪ್‌ಶಾಟ್ (ಆ ಕ್ಷಣದ ಮೆಮೊರಿಯ ನಕಲು) ತೆಗೆದು ಡಿಟ್ಯಾಚ್ಡ್ ಎಂದು ಹುಡುಕಿ. ಪುಟದಿಂದ ಕಳಚಿದರೂ ಯಾವುದೋ ಲಿಸನರ್ ಅಥವಾ ಅಬ್ಸರ್ವರ್ ಹಿಡಿದಿಟ್ಟುಕೊಂಡ ಸಾಲುಗಳು ಅಲ್ಲಿ ಸಿಗುತ್ತವೆ. ಮೇಲೆ ಕೆಳಗೆ ಸ್ಕ್ರಾಲ್ ಮಾಡಿದಷ್ಟೂ ಅವುಗಳ ಸಂಖ್ಯೆ ಏರುತ್ತಿದ್ದರೆ ಸಾಲು ಅಳಿಯುವಾಗ ನಡೆಯಬೇಕಾದ ಶುಚಿ ಕೆಲಸ ಬಿಟ್ಟುಹೋಗಿದೆ.

ಪುಟದಲ್ಲಿ ಹುಡುಕಿದರೆ ಸಿಗುವುದಿಲ್ಲ, ಕೀಬೋರ್ಡ್ ಫೋಕಸ್ ಕಳೆದುಹೋಗುತ್ತದೆ

ಡಾಮ್‌ನಲ್ಲಿ ಇಲ್ಲದ ಸಾಲನ್ನು ಬ್ರೌಸರ್‌ನ ಹುಡುಕಾಟ ಕಾಣಲಾರದು. ಇದು ವರ್ಚುವಲೈಸೇಶನ್‌ನ ಸ್ವಭಾವ. ಕಂಟೆಂಟ್-ವಿಸಿಬಿಲಿಟಿಯಲ್ಲಿ ಈ ಕೊರತೆ ಇಲ್ಲ, ಮಧ್ಯಮ ಗಾತ್ರದ ಪಟ್ಟಿಗೆ ನಾನು ಅದನ್ನೇ ಮೊದಲು ಆರಿಸುವುದಕ್ಕೆ ಇದೂ ಒಂದು ಕಾರಣ.

ಸ್ಕ್ರೀನ್ ರೀಡರ್ ಬಳಸುವವರಿಗೆ ಹತ್ತು ಸಾವಿರದ ಪಟ್ಟಿ ಹನ್ನೆರಡು ಸಾಲಿನದೆಂದು ಕೇಳಿಸಬಾರದು. ಏರಿಯಾ-ಸೆಟ್‌ಸೈಜ್, ಏರಿಯಾ-ಪೊಸಿನ್‌ಸೆಟ್ ಮೂಲಕ ನಿಜವಾದ ಒಟ್ಟು ಸಂಖ್ಯೆ ಮತ್ತು ಸ್ಥಾನ ತಿಳಿಸಿ. ಫೋಕಸ್ ಇರುವ ಸಾಲು ಪರದೆ ದಾಟಿದರೂ ಅದನ್ನು ಡಾಮ್‌ನಲ್ಲೇ ಉಳಿಸಿಕೊಳ್ಳಿ. ಮೌಸ್ ಬದಿಗಿಟ್ಟು ಬಾಣದ ಕೀಲಿಗಳಿಂದಲೇ ಇಡೀ ಪಟ್ಟಿಯಲ್ಲಿ ಒಮ್ಮೆ ಓಡಾಡಿ ನೋಡಿ. ಈ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು, ತೊಂದರೆ ಅನುಭವಿಸುವವರು ದೂರು ಹೇಳದೆ ಹೊರಟುಹೋಗುತ್ತಾರೆ.

ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು

ಒಂದೇ ಬ್ರೌಸರ್‌ನಲ್ಲಿ ಮಾತ್ರ ದೋಷವಿದ್ದು, ಬರೀ ಸಾಲುಗಳ ಖಾಲಿ ಪುಟದಲ್ಲೂ ಅದು ಮರುಕಳಿಸಿದರೆ ನಿಮ್ಮ ಕೋಡ್ ತಿದ್ದುವುದನ್ನು ನಿಲ್ಲಿಸಿ, ಆ ಬ್ರೌಸರ್‌ನ ದೋಷ ವರದಿಗೆ ಕಳುಹಿಸಿ. ಸ್ವಂತವಾಗಿ ಬರೆದ ವರ್ಚುವಲೈಸರ್‌ಗೆ ತೇಪೆ ಹಾಕಿದಷ್ಟೂ ಹೊಸ ಜಿಗಿತ ಹುಟ್ಟುತ್ತಿದ್ದರೆ ಅದನ್ನು ಬಿಟ್ಟು, ಟ್ಯಾನ್‌ಸ್ಟ್ಯಾಕ್ ವರ್ಚುವಲ್ ಅಥವಾ ಆ್ಯಂಗ್ಯುಲರ್ ಸಿಡಿಕೆಯಂಥ ಪಳಗಿದ ಸಾಧನಕ್ಕೆ ಬದಲಾಯಿಸಿ. ಬದಲಾಗುವ ಎತ್ತರಗಳ ಲೆಕ್ಕ ಹೊರಗಿನಿಂದ ಕಾಣುವುದಕ್ಕಿಂತ ಬಹಳ ಕಠಿಣ.

ನೆರವು ಕೇಳುವಾಗ ಸಾಲುಗಳ ಸಂಖ್ಯೆ, ಎತ್ತರ ಒಂದೇಯೋ ಬದಲಾಗುತ್ತದೆಯೋ ಎಂಬುದು, ಬ್ರೌಸರ್ ಆವೃತ್ತಿ, ಸಾಧನ, ಕೃತಕ ದತ್ತಾಂಶದಿಂದ ದೋಷ ಮರುಕಳಿಸುವ ಚಿಕ್ಕ ಉದಾಹರಣೆ ಇಷ್ಟನ್ನು ಕೊಡಿ. ಹೀಪ್ ಸ್ನ್ಯಾಪ್‌ಶಾಟನ್ನು ಹಾಗೇ ಕಳುಹಿಸಬೇಡಿ. ಆ ಕ್ಷಣ ಮೆಮೊರಿಯಲ್ಲಿದ್ದ ಹೆಸರುಗಳು, ಸಂದೇಶಗಳು, ಲಾಗಿನ್ ಟೋಕನ್‌ಗಳು ಅದರೊಳಗೆ ಓದುವಂತೆಯೇ ಇರುತ್ತವೆ. ನೆಟ್‌ವರ್ಕ್ ಫಲಕದಿಂದ ಉಳಿಸಿದ ಕಡತದಲ್ಲಿ ಕುಕೀಗಳೂ ಇರಬಹುದು. ಅಂಥದ್ದನ್ನು ಈಗಾಗಲೇ ಯಾರಿಗಾದರೂ ಕಳುಹಿಸಿದ್ದರೆ ಆ ಸೆಷನ್‌ಗಳನ್ನು ಕೂಡಲೇ ರದ್ದುಪಡಿಸಿ.